ಹುಲ್ಲುಹಾಸೂ ಸೊಪ್ಪಿನ ಮಡಿಯೂ

ಪಟ್ಟಾಭಿಷೇಕ, ಯುದ್ಧ, ಒಪ್ಪಂದ ಇವುಗಳ ಚರಿತ್ರೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಮನೆಯ ಮುಂದಿನ ಹತ್ತಡಿ ನೆಲಕ್ಕೂ ಒಂದು ಚರಿತ್ರೆಯಿದೆಯೆಂಬುದು ನಮ್ಮ ಲಕ್ಷ್ಯಕ್ಕೆ ಬರುವುದು ಅಪೂರ್ವ. ಆ ನೆಲದಲ್ಲಿ ಹುಲ್ಲು ಬೆಳೆಸಬೇಕೆ, ಹೂವು ಬೆಳೆಸಬೇಕೆ, ಇಲ್ಲವೆ ಒಂದು ಮಡಿ ದಂಟಿನ ಸೊಪ್ಪು ಹಾಕಬೇಕೆ ಎಂಬುದು ಮನೆಯವರ ಇಷ್ಟಕ್ಕೆ ಬಿಟ್ಟ ವಿಷಯವೆಂದು ತೋರುವುದು ಸಹಜ. ಆದರೆ ಈ ಬಗ್ಗೆ ಕಾನೂನುಗಳಾಗಿವೆ. ನ್ಯಾಯಾಲಯಗಳು ತೀರ್ಪು ಕೊಟ್ಟಿವೆ. ಯುದ್ಧಕಾಲದ ಸರ್ಕಾರಗಳು ಊರೂರಿಗೆ ಭಿತ್ತಿಪತ್ರ ಅಂಟಿಸಿವೆ. ಪ್ರಧಾನಮಂತ್ರಿಯೊಬ್ಬರು ತಮ್ಮ ಬಂಗಲೆಯ ಹುಲ್ಲನ್ನು ಅಗೆಸಿದ್ದಾರೆ. ಇಷ್ಟೆಲ್ಲ ನಡೆದ ಮೇಲೆ ಅದನ್ನು ಚರಿತ್ರೆಯಲ್ಲವೆಂದು ಹೇಳುವುದು ಹೇಗೆ?

ನಾನು ಕನ್ನಡ ಪಾಠ ಹೇಳುವವನಾದುದರಿಂದ ಮೊದಲು ಮಾತಿನ ಕಡೆಗೆ ತಿರುಗುತ್ತೇನೆ. ಅಂಗಳ, ಜಗುಲಿ, ಹಜಾರ, ಕೊಟ್ಟಿಗೆ, ಹಿತ್ತಿಲು ಹೀಗೆ ಮನೆಯ ಒಳಹೊರಗಿನ ಒಂದೊಂದು ಜಾಗಕ್ಕೂ ನಮ್ಮಲ್ಲಿ ಹೆಸರಿದೆ. ಹಿತ್ತಿಲು ಎಂಬುದು ‘ಹಿಂದು’ ಎಂಬ ಮಾತಿನ ನಂಟಿನದು. ತರಕಾರಿ ಬೆಳೆಯುತ್ತಿದ್ದುದು ಅಲ್ಲಿಯೆ. ಅದಕ್ಕೆ ಕಾರಣವೂ ಸರಳವಾದುದು: ಬಾವಿಯೂ ಬಚ್ಚಲೂ ಮನೆಯ ಹಿಂದುಗಡೆ ಇರುತ್ತಿದ್ದುವು; ಮಿಂದ ನೀರು, ಪಾತ್ರೆ ತೊಳೆದ ನೀರು ಹರಿದು ಹೋಗುವ ಕಡೆ ಬಾಳೆ, ಕೆಸುವು, ಕರಿಬೇವು, ನುಗ್ಗೆ ತಮ್ಮಷ್ಟಕ್ಕೆ ಬೆಳೆಯುತ್ತಿದ್ದುವು. ಮುಂದಿನ ಅಂಗಳವಿದ್ದುದು ಸಾರಿಸಿ ರಂಗೋಲಿ ಇಡುವುದಕ್ಕೆ, ಕಾಳು ಒಣಗಿಸುವುದಕ್ಕೆ, ತುಳಸಿಯ ಕಟ್ಟೆಗೆ. ಅಲ್ಲಿ ಹುಲ್ಲು ಮೊಳೆತರೆ ಕಿತ್ತು ಹಾಕುವುದು ಗೃಹಕೃತ್ಯದ ಒಂದು ಭಾಗ. ಅಂಗಳದಲ್ಲಿ ಹುಲ್ಲು ಬೆಳೆದಿದೆಯೆಂದರೆ ಆ ಮನೆ ಪಾಳುಬಿದ್ದಿದೆಯೆಂದೇ ಅರ್ಥ. ಅಂಥ ನುಡಿಯೊಳಗೆ ಲಾನ್ ಎಂಬ ಪದಾರ್ಥ ಬಂದಾಗ ಅದಕ್ಕೆ ಹೆಸರಿರಲಿಲ್ಲ. ‘ಹುಲ್ಲುಹಾಸು’ ಎಂಬ ಮಾತನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು.

ನಾನಿರುವ ಬೆಂಗಳೂರಿನ ಬಡಾವಣೆಯಲ್ಲಿ ಮೂವತ್ತು ನಲವತ್ತು ಅಡಿಯ ನಿವೇಶನಗಳು. ಹಿತ್ತಿಲೆಂಬುದು ಹೆಸರಿಗೂ ಇಲ್ಲ. ನಮ್ಮ ಗೋಡೆಗೂ ಹಿಂದಿನ ಮನೆಯವರ ಗೋಡೆಗೂ ನಡುವೆ ಒಬ್ಬರು ಮೈ ಓರೆ ಮಾಡಿಕೊಂಡು ನಡೆಯುವಷ್ಟು ಎಡೆ, ಅಲ್ಲಿಗೆ ಬಿಸಿಲು ಬೀಳದು. ಬಿಸಿಲು ಬೀಳುವುದು ರಸ್ತೆಯ ಕಡೆಯ ತುಂಡು ನೆಲಕ್ಕೆ ಮಾತ್ರ. ಆದ್ದರಿಂದ ನಮ್ಮ ಮನೆಯಾಕೆ ಅಲ್ಲಿಯೆ ಮೆಂತ್ಯ, ದಂಟು ಬಿತ್ತಿ, ಗೇಟಿನ ಪಕ್ಕದ ಕಂಬಿಗೆ ಬಸಳೆ ಹಬ್ಬಿಸಿದ್ದಾಳೆ. ಒಂದು ದಿನ ನೆರೆಯ ಹಿರಿಯರೊಬ್ಬರು ನಿಂತು ನೋಡಿ, “ಮೇಷ್ಟ್ರೇ, ಎದುರಿಗೆ ಒಂದು ಲಾನ್ ಹಾಕಿಸಿಬಿಡಿ, ಲಕ್ಷಣವಾಗಿರುತ್ತೆ. ಇದೇನು ಹಳ್ಳಿ ಮನೆ ಥರ!” ಎಂದರು. “ಲಾನು ಹುಳಿಗೆ ಬರುತ್ತದೆಯೆ ರಾಯರೆ?” ಎಂದಳು ಇವಳು. ಅವರು ನಕ್ಕು, ಕೊಟ್ಟ ಮೆಂತ್ಯದ ಕಟ್ಟನ್ನು ತೆಗೆದುಕೊಂಡು ಹೋದರು. ನನ್ನ ತಲೆಯಲ್ಲಿ ಉಳಿದುದು ಅವರಾಡಿದ ‘ಲಕ್ಷಣ’ ಎಂಬ ಮಾತು. ತಿನ್ನಲಾಗದ ಹುಲ್ಲು ಲಕ್ಷಣವೆಂದೂ ತಿನ್ನುವ ಸೊಪ್ಪು ಅವಲಕ್ಷಣವೆಂದೂ ಗೊತ್ತುಮಾಡಿದವರು ಯಾರು? ಯಾವಾಗ? ಈ ಪ್ರಶ್ನೆಯನ್ನು ಹಿಡಿದು ಹೊರಟಾಗ ತಿಳಿದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ವರ್ಸೇಯಲ್ಲಿ ಅರಮನೆ ಕಟ್ಟಿಸಿದಾಗ ಉದ್ಯಾನವನ್ನು ರೂಪಿಸಿದವನು ಲ ನೋತ್ರ್ ಎಂಬ ಪ್ರಸಿದ್ಧ ತೋಟಗಾರ. ಅರಮನೆಯಿಂದ ಕಾಲುವೆಯ ಕಡೆಗೆ ಹೋಗುವ ದಾರಿಯಲ್ಲಿ ಉದ್ದನೆಯ ಹುಲ್ಲಿನ ಪಟ್ಟಿಯೊಂದನ್ನು ಅವನು ಹಾಸಿದ. ಅದಕ್ಕೆ ‘ಹಸಿರು ಜಮಖಾನ’ ಎಂಬ ಅರ್ಥದ ಹೆಸರೇ ಇದೆ. ಅದೇ ದೊರೆಗೆ ಬಟಾಣಿಯೆಂದರೆ ಪ್ರಾಣ. ಅವನಿಗಾಗಿ ಲಾ ಕ್ಯಾಂತಿನಿ ಎಂಬವನು ೧೬೭೮ರಿಂದ ೧೬೮೩ರ ವರೆಗೆ ಶ್ರಮಿಸಿ ಸುಮಾರು ೨೩ ಎಕರೆಯ ತರಕಾರಿ ತೋಟವನ್ನು ನಿರ್ಮಿಸಿದ. ಅದು ಇಂದಿಗೂ ಇದೆ. ಆದರೆ ಅದು ಇರುವುದು ಅರಮನೆಯ ಎದುರಿಗಲ್ಲ, ಒಂದು ಬದಿಗೆ, ಎತ್ತರದ ಗೋಡೆಗಳ ಒಳಗೆ. ಎದುರಿಗೆ ಹುಲ್ಲು, ಮರೆಯಲ್ಲಿ ತರಕಾರಿ ಎಂಬ ಏರ್ಪಾಡನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಜಮೀನುದಾರರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ‘ಕೇಪಬಿಲಿಟಿ’ ಬ್ರೌನ್ ಎಂದು ಹೆಸರಾದ ಲಾನ್ಸ್‌ಲಾಟ್ ಬ್ರೌನ್ ದೊಡ್ಡ ಮನೆಗಳ ಹೊಸ್ತಿಲವರೆಗೂ ಹುಲ್ಲುಗಾವಲನ್ನು ತಂದು ಬಿಟ್ಟ. ದನಕುರಿಗಳು ಮನೆಯ ಹತ್ತಿರ ಬರದಂತೆ, ಆದರೆ ಬೇಲಿ ಕಣ್ಣಿಗೆ ಬೀಳದಂತೆ, ತಗ್ಗಾದ ಕಂದಕವನ್ನು ತೋಡುತ್ತಿದ್ದರು. ತರಕಾರಿ ತೋಟ ದೂರಕ್ಕೆ, ಗೋಡೆಯ ಆಚೆಗೆ ಹೋಯಿತು. ಆಗ ಹುಲ್ಲನ್ನು ಸಮವಾಗಿ ಕತ್ತರಿಸುವುದೆಂದರೆ ಉದ್ದ ಹಿಡಿಯ ಕುಡುಗೋಲು ಹಿಡಿದ ಆಳುಗಳು ಮುಂಜಾನೆಯ ಇಬ್ಬನಿಯಲ್ಲಿ ಸಾಲಾಗಿ ನಿಂತು ಮಾಡಬೇಕಾದ ಕೆಲಸ. ಅಷ್ಟು ಆಳುಗಳನ್ನಿಟ್ಟು, ಅಷ್ಟು ಫಲವತ್ತಾದ ನೆಲವನ್ನು ಬೆಳೆಯಿಲ್ಲದೆ ಬಿಡಬಲ್ಲವನು ಶ್ರೀಮಂತ. ‘ನನ್ನ ಅನ್ನ ಬೇರೆ ಕಡೆಯಿಂದ ಬರುತ್ತದೆ, ಈ ನೆಲ ದುಡಿಯಬೇಕಾಗಿಲ್ಲ’ ಎಂದು ನೋಡಿದವರಿಗೆಲ್ಲ ತಿಳಿಸುವ ಬಗೆ ಅದು. ರಾಯರು ಹೇಳಿದ ಲಕ್ಷಣದ ಬೇರು ಇಲ್ಲಿದೆಯೆಂದು ನನ್ನ ಎಣಿಕೆ.

ಶ್ರೀಮಂತರ ಈ ಸೊತ್ತು ಸಾಮಾನ್ಯರ ಕೈಗೆ ಬಂದುದು ಬಟ್ಟೆಯ ಕಾರ್ಖಾನೆಯ ದಾರಿಯಿಂದ. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರು ಉಣ್ಣೆಯ ಬಟ್ಟೆಗೆ ಹೆಸರಾದುದು. ಬಟ್ಟೆಯ ಮೇಲೆ ಎದ್ದ ನೂಲಿನ ರೋಮವನ್ನು ಸಮವಾಗಿ ಕತ್ತರಿಸುವ ಯಂತ್ರವೊಂದು ಅಲ್ಲಿಯ ಗಿರಣಿಗಳಲ್ಲಿತ್ತು. ಎಡ್ವಿನ್ ಬಡ್ಡಿಂಗ್ ಎಂಬ ಕುಶಲಿಗ ಅದನ್ನು ನೋಡಿ, ಬಟ್ಟೆಯನ್ನು ಕತ್ತರಿಸುವಂತೆ ಹುಲ್ಲನ್ನೇಕೆ ಕತ್ತರಿಸಬಾರದೆಂದು ಯೋಚಿಸಿ, ೧೮೩೦ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಅಂದಿನಿಂದ ಹತ್ತು ಆಳುಗಳನ್ನಿಡಲಾರದ ಗುಮಾಸ್ತನೂ ತನ್ನ ಮನೆಯ ಮುಂದೆ ಪುಟ್ಟದೊಂದು ಜಮೀನುದಾರಿಕೆಯನ್ನು ನಡೆಸುವಂತಾಯಿತು.

ಈ ಪದ್ಧತಿ ಹುಲುಸಾಗಿ ಬೆಳೆದುದು ಅಮೆರಿಕದಲ್ಲಿ. ಫ್ರಾಂಕ್ ಸ್ಕಾಟ್ ಎಂಬವನು ೧೮೭೦ರಲ್ಲಿ ನಗರದ ಹೊರವಲಯದ ಮನೆಗಳ ಅಂದವನ್ನು ಕುರಿತು ಬರೆದ ಪುಸ್ತಕದಲ್ಲಿ, ಒತ್ತಾಗಿ ಕತ್ತರಿಸಿದ ಹುಲ್ಲೇ ಅಂಗಳದ ಮುಖ್ಯ ಭೂಷಣವೆಂದೂ, ಅದು ನೆರೆಯವರಿಗೆ ಕಾಣದಂತೆ ಬೇಲಿ ಕಟ್ಟುವುದು ಕ್ರೈಸ್ತನಿಗೆ ತಕ್ಕ ನಡತೆಯಲ್ಲವೆಂದೂ ವಾದಿಸಿದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ೧೯೪೭ರಿಂದ, ನ್ಯೂಯಾರ್ಕಿನ ಹತ್ತಿರ ಲೆವಿಟ್‌ಟೌನ್ ಎಂಬ ಬಡಾವಣೆಯಲ್ಲಿ ಒಂದೇ ಅಚ್ಚಿನ ಸಾವಿರಾರು ಮನೆಗಳೆದ್ದುವು. ಅಲ್ಲಿ ಮನೆಯ ಕರಾರಿನಲ್ಲೇ, ಬೇಲಿ ಕಟ್ಟಕೂಡದು, ಹುಲ್ಲನ್ನು ವಾರಕ್ಕೊಮ್ಮೆ ಕತ್ತರಿಸಬೇಕು ಎಂಬ ಷರತ್ತುಗಳಿದ್ದುವು. ಇದರ ಫಲವನ್ನು ಅಂಕಿಯಲ್ಲಿ ಹೇಳುವುದಾದರೆ, ಉಪಗ್ರಹ ಚಿತ್ರಗಳ ನೆರವಿನಿಂದ ಮಾಡಿ ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಅಮೆರಿಕದ ಹುಲ್ಲುಹಾಸಿನ ವಿಸ್ತೀರ್ಣ ಸುಮಾರು ೧,೬೩,೦೦೦ ಚದರ ಕಿಲೋಮೀಟರ್ ಎಂದು ಅಂದಾಜು ಮಾಡಿತು. ನಮ್ಮ ಕರ್ನಾಟಕದ ವಿಸ್ತೀರ್ಣ ೧,೯೧,೭೯೧. ಬೀದರಿನಿಂದ ಚಾಮರಾಜನಗರದವರೆಗೆ ಇರುವ ನೆಲದಲ್ಲಿ ಐದನೆಯ ನಾಲ್ಕು ಪಾಲಿಗಿಂತ ಹೆಚ್ಚು ಜಾಗದಲ್ಲಿ ಹುಲ್ಲನ್ನೇ ಬೆಳೆಸಿ, ಕತ್ತರಿಸಿ, ಎಸೆದಂತಾಯಿತು.

ಇಂಥ ಹುಲ್ಲೂ ಹಸಿವಿನ ಮುಂದೆ ತಲೆಬಾಗಿದ ಸಂದರ್ಭಗಳುಂಟು. ಮೊದಲನೆಯ ಮಹಾಯುದ್ಧ ಕಾಲದಲ್ಲಿ, ೧೯೧೮ರಲ್ಲಿ, ಅಧ್ಯಕ್ಷ ವಿಲ್ಸನ್ನರ ಶ್ವೇತಭವನದ ಹುಲ್ಲಿನ ಮೇಲೆ ಕುರಿಗಳು ಮೇಯುತ್ತಿದ್ದುವು. ಅವುಗಳ ಉಣ್ಣೆಯನ್ನು ಹರಾಜು ಹಾಕಿ ಬಂದ ಹಣವನ್ನು ರೆಡ್ ಕ್ರಾಸಿಗೆ ಕೊಟ್ಟರು. ಎರಡನೆಯ ಯುದ್ಧ ಬಂದಾಗ ಬ್ರಿಟನ್ನಿನ ಸ್ಥಿತಿ ಇನ್ನೂ ಬಿಗಿಯಾಯಿತು. ಆ ದೇಶ ತನ್ನ ಆಹಾರದ ಬಹುಭಾಗವನ್ನು ಹಡಗುಗಳಲ್ಲಿ ತರಿಸಿಕೊಳ್ಳುತ್ತಿತ್ತು. ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದುವು. ೧೯೩೯ರ ಅಕ್ಟೋಬರಿನಲ್ಲಿಯೆ ಸರ್ಕಾರ ತೋಟ ಅಗೆಯುವಂತೆ ಜನರಿಗೆ ಕರೆಕೊಟ್ಟಿತು. ‘ಗೆಲುವಿಗಾಗಿ ಅಗೆಯಿರಿ’ ಎಂಬುದು ಮನೆಮಾತಾಯಿತು. ಲಂಡನ್ ಟವರಿನ ಕಂದಕದಲ್ಲಿ ತರಕಾರಿ ಬೆಳೆದರು. ರಾಜೋದ್ಯಾನಗಳ ಹುಲ್ಲನ್ನು ಕಿತ್ತು ಕೋಸು ನೆಟ್ಟರು. ನಗರವಾಸಿಗಳು ಬಾಡಿಗೆಗೆ ಹಿಡಿದು ಸಾಗುವಳಿ ಮಾಡುವ ತುಂಡು ತೋಟಗಳು ಸುಮಾರು ೮ ಲಕ್ಷದಿಂದ ೧೪ ಲಕ್ಷಕ್ಕೆ ಏರಿದುವು.

ಅಮೆರಿಕದಲ್ಲಿ ತವರದ ಡಬ್ಬಿಗಳು ಸೈನ್ಯಕ್ಕೆ ಬೇಕಾಗಿ, ೧೯೪೩ರ ಮಾರ್ಚಿಯಲ್ಲಿ ಡಬ್ಬಿಯ ತರಕಾರಿಗೂ ರೇಷನ್ ಬಂದಿತು. ಅದೇ ವರ್ಷ ಎಲಿನಾರ್ ರೂಸ್‌ವೆಲ್ಟ್ ಶ್ವೇತಭವನದ ನೆಲದಲ್ಲಿ ತರಕಾರಿ ಹಾಕಿಸಿದರು. ಅನುಭವವಿಲ್ಲದ ಜನ ಬೀಜಗೊಬ್ಬರಗಳನ್ನು ಪೋಲುಮಾಡಿಯಾರೆಂದು ಹೆದರಿ ಕೃಷಿ ಇಲಾಖೆಯೆ ಮೊದಲು ಅಡ್ಡ ಮಾತಾಡಿತ್ತು. ಆ ಹೆದರಿಕೆ ಹುಸಿಯಾಯಿತು. ಸುಮಾರು ಎರಡು ಕೋಟಿ ಮನೆತೋಟಗಳು ದೇಶದ ಹಸಿ ತರಕಾರಿಯಲ್ಲಿ ನೂರಕ್ಕೆ ನಲವತ್ತರಷ್ಟನ್ನು ಕೊಟ್ಟುವೆಂದು ಆಗಿನ ಅಂದಾಜು. ಸ್ಯಾನ್ ಫ್ರಾನ್ಸಿಸ್ಕೋ ನಗರಭವನದ ಮುಂದೆ ಹುಲ್ಲಿದ್ದ ಕಡೆ ತರಕಾರಿಯ ಮಡಿಗಳೆದ್ದುವು.

ಆದರೆ ಈ ಉಜ್ಜ್ವಲ ಕಥೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಓದಬೇಕು. ಕ್ಯಾಲಿಫೋರ್ನಿಯದ ಸಂತೆಗಳಿಗೆ ಬರುತ್ತಿದ್ದ ತರಕಾರಿಯಲ್ಲಿ ದೊಡ್ಡ ಪಾಲನ್ನು ಬೆಳೆಯುತ್ತಿದ್ದವರು ಜಪಾನೀ ಮೂಲದ ರೈತರು. ೧೯೪೨ರ ಫೆಬ್ರವರಿಯಲ್ಲಿ ಹೊರಟ ಅಧ್ಯಕ್ಷರ ಆಜ್ಞೆಯ ಮೇರೆಗೆ ಪಶ್ಚಿಮ ತೀರದ ಸುಮಾರು ೧,೨೦,೦೦೦ ಮಂದಿ ಜಪಾನೀ ಮೂಲದವರನ್ನು ಮನೆ ಹೊಲ ಬಿಡಿಸಿ ಮುಳ್ಳುತಂತಿಯ ಶಿಬಿರಗಳಲ್ಲಿಟ್ಟರು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲಿಯೆ ಹುಟ್ಟಿದ ಪ್ರಜೆಗಳು. ನುರಿತ ತೋಟಗಾರರನ್ನು ಅವರ ನೆಲದಿಂದ ಎಬ್ಬಿಸಿದ ಸರ್ಕಾರವೇ ಗುದ್ದಲಿ ಹಿಡಿದರಿಯದ ನಗರವಾಸಿಗಳಿಗೆ ತರಕಾರಿ ಬೆಳೆಯಲು ಕಲಿಸುತ್ತಿತ್ತು. ಮ್ಯಾನ್ಜನಾರ್ ಶಿಬಿರದ ಮರಳುಗಾಡಿನಲ್ಲಿ ಆ ಜನ ಅಲ್ಲಿಯೂ ನೀರು ಕಟ್ಟಿ ತೋಟ ಮಾಡಿಕೊಂಡರು. ಯುದ್ಧಕಾಲದ ತೋಟಗಳನ್ನು ಹೊಗಳುವಾಗ ಇವರನ್ನು ಮರೆಯುವುದು ನ್ಯಾಯವಲ್ಲ.

ಯುದ್ಧ ಮುಗಿಯಿತು, ತರಕಾರಿ ಮತ್ತೆ ಹಿಂದಕ್ಕೆ ಹೋಯಿತು, ಹುಲ್ಲು ಮುಂದಕ್ಕೆ ಬಂದಿತು. ಕಷ್ಟ ಬಂದಾಗ ಕರೆಸಿ, ಕಳೆದ ಮೇಲೆ ಹಿತ್ತಿಲ ಬಾಗಿಲಿಂದ ಕಳುಹಿಸುವ ನೆಂಟನಂತೆ. ೨೦೧೧ರಲ್ಲಿ ಮಿಷಿಗನ್ ರಾಜ್ಯದ ಓಕ್ ಪಾರ್ಕ್ ಎಂಬ ಊರಿನಲ್ಲಿ ಗೃಹಿಣಿಯೊಬ್ಬರು ಮನೆಯ ಮುಂದೆ ತರಕಾರಿ ಹಾಕಿದುದಕ್ಕೆ ಅವರ ಮೇಲೆ ಮೊಕದ್ದಮೆ ಹೂಡಿದರು. ೯೩ ದಿನಗಳವರೆಗೆ ಜೈಲಾಗಬಹುದಾದ ಅಪರಾಧವದು. ಅಂಗಳದಲ್ಲಿ ‘ತಕ್ಕ’ ಸಸಿಗಳಿರಬೇಕೆಂದು ಊರಿನ ನಿಯಮ; ತಕ್ಕದ್ದೆಂದರೆ ಎಲ್ಲರೂ ಸಾಮಾನ್ಯವಾಗಿ ಬೆಳೆಸುವಂಥದೆಂದು ಅಧಿಕಾರಿಯ ವ್ಯಾಖ್ಯಾನ. ಒಂದು ವಿಶೇಷಣದ ಅರ್ಥಕ್ಕಾಗಿ ಇಷ್ಟು ಜಗಳವಾದುದನ್ನು ನಾನು ನಮ್ಮ ತರಗತಿಗಳಲ್ಲಿಯೂ ಕಂಡಿಲ್ಲ! ಸುದ್ದಿ ಹರಡಿ ಜನ ನಗತೊಡಗಿದ ಮೇಲೆ ಮೊಕದ್ದಮೆಯನ್ನು ಕೈಬಿಟ್ಟರು.

ಫ್ಲಾರಿಡದ ಮಯಾಮಿ ಶೋರ್ಸ್ ಎಂಬಲ್ಲಿಯ ದಂಪತಿಗಳಿಗೆ ಅಷ್ಟು ಸುಲಭವಾಗಿ ಬಿಡುಗಡೆಯಾಗಲಿಲ್ಲ. ಅವರು ೧೭ ವರ್ಷ ಮನೆಯ ಮುಂದೆ ತರಕಾರಿ ಬೆಳೆಯುತ್ತಿದ್ದವರು. ಹಿಂದುಗಡೆ ಸಾಕಷ್ಟು ಬಿಸಿಲಿಲ್ಲವೆಂಬುದೇ ಅದಕ್ಕೆ ಕಾರಣ. ೨೦೧೩ರಲ್ಲಿ ಊರಿನ ಆಡಳಿತ ನಿಯಮವನ್ನು ಬಿಗಿಮಾಡಿ, ಮನೆಯ ಮುಂದೆ ತರಕಾರಿ ಕೂಡದು, ಇದ್ದರೆ ದಿನಕ್ಕೆ ೫೦ ಡಾಲರು ದಂಡವೆಂದಿತು. ದಂಪತಿಗಳು ಗಿಡಗಳನ್ನು ಕಿತ್ತು ನ್ಯಾಯಾಲಯಕ್ಕೆ ಹೋದರು. ೨೦೧೭ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಅವರ ವಿರುದ್ಧವಾಗಿ ತೀರ್ಪಿತ್ತಿತು. ಆಮೇಲೆ ರಾಜ್ಯದ ಶಾಸನಸಭೆಯೇ ಕಾನೂನು ಮಾಡಿ, ಮನೆಯ ಮುಂದಿನ ತರಕಾರಿಯನ್ನು ಊರಿನ ಆಡಳಿತಗಳು ನಿಷೇಧಿಸಕೂಡದೆಂದು ವಿಧಿಸಿತು. ೨೦೧೯ರ ಜುಲೈ ೧ರಂದು ಅದು ಜಾರಿಗೆ ಬಂದಿತು. ಅವರು ಮತ್ತೆ ಸಸಿ ನೆಟ್ಟರು. ಇಲಿನಾಯ್ ರಾಜ್ಯ ೨೦೨೧ರಲ್ಲಿ ಅಂಥದೇ ಶಾಸನ ಮಾಡಿತು. ಮನೆಯ ಮುಂದೆ ಬದನೆಯ ಗಿಡ ನೆಡುವುದು ಹಕ್ಕೆಂದು ಸ್ಥಾಪಿಸಲು ಆರು ವರ್ಷ ಬೇಕಾದುವು.

ಇನ್ನು ನಮ್ಮ ಕಡೆಗೆ ಬರೋಣ. ಬೆಂಗಳೂರಿನ ದಂಡು ಸ್ಥಾಪಿತವಾದುದು ೧೮೦೯ರಲ್ಲಿ. ದೊಡ್ಡ ಕಾಂಪೌಂಡು, ನಡುವೆ ಬಂಗಲೆ, ಎದುರಿಗೆ ಹುಲ್ಲು ಎಂಬ ಮಾದರಿ ನಮ್ಮ ಕಣ್ಣಿಗೆ ಬಿದ್ದುದು ಅಲ್ಲಿ. ಆದರೆ ಅದೇ ದೊರೆಗಳ ನಾಲಗೆಗಾಗಿ ಬಂದ ಎಲೆಕೋಸು, ಹೂಕೋಸು, ನವಿಲುಕೋಸು, ಕ್ಯಾರೆಟ್ಟುಗಳು ಬೆಂಗಳೂರಿನ ಹವೆಗೆ ಒಗ್ಗಿ ನಮ್ಮ ಅಡಿಗೆಮನೆಯನ್ನೂ ಹೊಕ್ಕುವು. ಮೆಕ್ಸಿಕೋ ಕಡೆಯ ಮೂಲದ ಸೀಮೆಬದನೆ ಇಲ್ಲಿ ಎಷ್ಟು ಬೇರೂರಿತೆಂದರೆ, ನಾವು ಅದನ್ನು ‘ಸೀಮೆಯದು’ ಎನ್ನುತ್ತಿದ್ದರೆ ತಮಿಳರೂ ತೆಲುಗರೂ ಬೆಂಗಳೂರು ಬದನೆ ಎನ್ನುತ್ತಾರೆ! ಊರ ಸುತ್ತಲ ಕೆರೆಗಳ ಕೆಳಗೆ ಸೊಪ್ಪುತರಕಾರಿ ಬೆಳೆದು ಪೇಟೆಯನ್ನು ಸಾಕಿದವರಲ್ಲಿ ತಿಗಳರು ಪ್ರಮುಖರು. ೧೮೯೮ರ ಪ್ಲೇಗಿನ ಕಾಲದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಮುಂದೆ ಪಾರಿಜಾತ, ದಾಸವಾಳ, ಹಿಂದೆ ಬಾಳೆ, ನುಗ್ಗೆ. ಅಲ್ಲಿ ಹುಲ್ಲಿನ ಆಡಂಬರ ಕಡಿಮೆ. ಹೂವಿಗೂ ದೇವರ ಪೂಜೆಯೆಂಬ ಕೆಲಸವಿತ್ತು.

೧೯೪೨ರಲ್ಲಿ ಜಪಾನೀಯರು ಬರ್ಮವನ್ನು ಹಿಡಿದು ಅಲ್ಲಿಯ ಅಕ್ಕಿ ನಿಂತುಹೋಯಿತು. ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಸರ್ಕಾರದ ಘೋಷಣೆ ಆ ಕಾಲದ್ದು. ೧೯೪೩ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ೧೯೪೬ರ ಆರಂಭದಲ್ಲಿ ಮಳೆ ಕೈಕೊಟ್ಟು ಮದರಾಸು, ಮೈಸೂರು ಮೊದಲಾದ ಕಡೆ ಮತ್ತೆ ಕ್ಷಾಮದ ಭೀತಿ ತಲೆದೋರಿದಾಗ, ಹೂದೋಟಗಳಲ್ಲಿಯೂ ಆಹಾರ ಬೆಳೆಯಬೇಕೆಂದು ಗಾಂಧೀಜಿ ಸೂಚಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಗವರ್ನರ್ ಜನರಲ್ ಆದ ರಾಜಾಜಿಯವರು ವೈಸರಾಯರ ಭವನದ ಆವರಣದ ಒಂದು ಭಾಗವನ್ನು ಉಳಿಸಿ ಗೋದಿ ಬೆಳೆಸಿದರು; ಅವರು ತಾವೇ ನೇಗಿಲ ಮೇಣಿ ಹಿಡಿದುದುಂಟು. ೧೯೬೫ರಲ್ಲಿ ಯುದ್ಧವೂ ಬರಗಾಲವೂ ಒಟ್ಟಿಗೆ ಬಂದಾಗ ಲಾಲ್ ಬಹಾದುರ್ ಶಾಸ್ತ್ರಿಗಳು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡು, ದಿಲ್ಲಿಯ ತಮ್ಮ ಅಧಿಕೃತ ನಿವಾಸದ ಹುಲ್ಲಿನ ನೆಲವನ್ನು ಸಾಗುವಳಿಗೆ ತಂದರು. ಮರುವರ್ಷ ನಾವು ಹೊರಗಿನಿಂದ ತರಿಸಿದ ಧಾನ್ಯ ಸುಮಾರು ಒಂದು ಕೋಟಿ ಟನ್ನು. ಹೆಚ್ಚಿನದು ಅಮೆರಿಕದ ಗೋದಿ. ರೇಷನ್ ಅಂಗಡಿಯ ಮುಂದೆ ಸಾಲು ನಿಂತು ಆ ಗೋದಿಯನ್ನು ತಂದ ಕಥೆಯನ್ನು ನಮ್ಮ ಅಜ್ಜಿ ಹೇಳುತ್ತಿದ್ದರು. ಮುದ್ದೆ ಉಂಡು ಬೆಳೆದ ಮನೆಯಲ್ಲಿ ಅದನ್ನು ಏನು ಮಾಡುವುದೆಂಬುದೇ ಮೊದಲು ತಿಳಿಯಲಿಲ್ಲವಂತೆ.

ಮನೆಯಂಗಳದ ತೋಟ ಒಂದು ದೇಶವನ್ನು ಸಾಕುತ್ತದೆಂದು ಯಾರೂ ಭ್ರಮಿಸಬಾರದು. ಹತ್ತಡಿ ನೆಲದಲ್ಲಿ ಅಕ್ಕಿರಾಗಿ ಬೆಳೆಯದು. ರಾಜೋದ್ಯಾನದಲ್ಲಿ ಕೋಸು ಬೆಳೆದ ಬ್ರಿಟನ್ನಿನಲ್ಲಿಯೆ, ಯುದ್ಧ ಗೆದ್ದ ಮೇಲೆ, ೧೯೪೬ರಲ್ಲಿ ಬ್ರೆಡ್ಡಿಗೆ ರೇಷನ್ ಬಂದಿತು. ನಮ್ಮಲ್ಲಿ ಕೊರತೆಯನ್ನು ನೀಗಿದುದು ಹೊಲದ ರೈತನೇ ಹೊರತು ಬಂಗಲೆಯ ಹುಲ್ಲಲ್ಲ. ಶಾಸ್ತ್ರಿಗಳ ಗುದ್ದಲಿಯಿಂದ ಬಂದ ಧಾನ್ಯಕ್ಕಿಂತ ಅದು ಹೇಳಿದ ಮಾತು ದೊಡ್ಡದು: ನೆಲವನ್ನು ಸುಮ್ಮನೆ ಬಿಡುವುದರಲ್ಲಿ ಹಿರಿಮೆಯೇನೂ ಇಲ್ಲ ಎಂಬ ಮಾತು.

ಈಗ ಬೆಂಗಳೂರಿನಲ್ಲಿ ಆ ಮಾತಿಗೆ ಇನ್ನೊಂದು ಅರ್ಥ ಸೇರಿದೆ. ೨೦೨೪ರ ಮಾರ್ಚಿಯಲ್ಲಿ ಕುಡಿಯುವ ನೀರಿನ ಅಭಾವ ಮಿತಿಮೀರಿದಾಗ ನಗರದ ಜಲಮಂಡಲಿ, ಕುಡಿಯುವ ನೀರನ್ನು ಕಾರು ತೊಳೆಯುವುದಕ್ಕೂ ತೋಟಕ್ಕೂ ಬಳಸಿದರೆ ೫,೦೦೦ ರೂಪಾಯಿ ದಂಡವೆಂದು ಸಾರಿತು. ನಿಯಮದ ಕಣ್ಣಿಗೆ ಹುಲ್ಲೂ ಸೊಪ್ಪೂ ಒಂದೇ. ಅದು ಸರಿಯೂ ಹೌದು. ಆದರೆ ಅಕ್ಕಿ ತೊಳೆದ ನೀರು, ಸೊಪ್ಪು ಜಾಲಿಸಿದ ನೀರು ಒಂದು ಮಡಿ ದಂಟನ್ನು ಉಳಿಸುವುದಕ್ಕೆ ಸಾಲುತ್ತವೆ. ಹುಲ್ಲುಹಾಸನ್ನು ಅಷ್ಟರಲ್ಲಿ ಹಸಿರಾಗಿಡಲು ಸಾಧ್ಯವಿಲ್ಲ. ನಮ್ಮ ಹಿರಿಯರು ಬಚ್ಚಲ ನೀರಿನ ದಾರಿಯಲ್ಲಿ ಬಾಳೆ ನೆಟ್ಟ ಲೆಕ್ಕಾಚಾರವೂ ಇದೇ.

ಹಿತ್ತಿಲ ಗಿಡ ಮದ್ದಲ್ಲವೆಂದು ನಮ್ಮ ಗಾದೆ. ಹಿತ್ತಿಲೇ ಇಲ್ಲದ ಊರಿನಲ್ಲಿ ಆ ಗಿಡ ಮನೆಯ ಮುಂದಕ್ಕೆ ಬಂದು ನಿಂತಿದೆ. ಅದನ್ನು ಅವಲಕ್ಷಣವೆನ್ನುವ ಮೊದಲು, ಲಕ್ಷಣವೆಂಬ ಮಾತನ್ನು ನಾವು ಯಾವ ಜಮೀನುದಾರನಿಂದ ಎರವಲು ತಂದೆವೆಂದು ಯೋಚಿಸುವುದು ಒಳ್ಳೆಯದು. ಹುಲ್ಲು ಬೇಕೆನ್ನುವವರು ಬೆಳೆಸಲಿ. ಮಕ್ಕಳು ಹೊರಳಾಡುವುದಕ್ಕೆ ಅದರಷ್ಟು ಮೆತ್ತನೆಯದು ಬೇರೊಂದಿಲ್ಲ. ಆದರೆ ಪಕ್ಕದ ಮನೆಯ ಬಸಳೆಯ ಬಳ್ಳಿಗೆ ನಾಚಿಕೆಪಡುವ ಕಾಲ ಬಾರದಿರಲಿ. ಮಯಾಮಿಯಲ್ಲಿ ಆರು ವರ್ಷ ಹೋರಾಡಿ ಗಳಿಸಿಕೊಂಡುದು ನಮಗಿನ್ನೂ ಕೇಳದೆ ದೊರಕಿರುವ ಸ್ವಾತಂತ್ರ್ಯ. ಅದನ್ನು ಬಳಸದೆ ಒಣಗಿಸುವುದು ಜಾಣತನವಾಗದು.